ಎದುರುಮನೆಯವಳ ಎತ್ತರ

ಹೋದ ಭಾನುವಾರ ತರೀಕೆರೆಯ ಅಣ್ಣನ ಮನೆಯಲ್ಲಿ ನೀರು ಕುಡಿಯಲೆಂದು ಅಡುಗೆಮನೆಗೆ ಹೋದೆ. ಕಿಟಕಿಯ ಕಟ್ಟೆಯ ಮೇಲೆ, ಬೋರಲು ಹಾಕಿದ ಲೋಟಗಳ ಪಕ್ಕದಲ್ಲಿ, ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಕೊಳವೆ ಒಣಗುತ್ತಿತ್ತು. ಅದರ ಒಂದು ತುದಿಗೆ ಮಗುವಿನ ಮೂಗು ಬಾಯಿ ಮುಚ್ಚುವಷ್ಟು ಪುಟ್ಟ ಮಾಸ್ಕು, ಇನ್ನೊಂದು ತುದಿಯಲ್ಲಿ ಉಬ್ಬಸದ ಪಂಪು ಸಿಕ್ಕಿಸುವ ತೂತು. ಅತ್ತಿಗೆ ಆಗಷ್ಟೇ ಸೋಪಿನ ನೀರಿನಲ್ಲಿ ಅದ್ದಿ ಇಟ್ಟಿದ್ದರು. ಒಳಗೆ ಹನಿಗಳಿನ್ನೂ ಜಾರುತ್ತಿದ್ದವು. ಎತ್ತಿಕೊಂಡು ಮೂಸಿದೆ. ಸೋಪಿನ ಹಿಂದೆ ಅದೇ ವಾಸನೆ ಇತ್ತು. ತಣ್ಣಗೆ, ಸ್ವಲ್ಪ ಕಹಿಯಾಗಿ, ಹೊಸ ಬಕೆಟ್ಟಿನ ಒಳಗೆ ತಲೆ ಹಾಕಿದಂತೆ... ಎದುರುಮನೆಯವಳ ವಾಸನೆ.

ಇಂಥ ಲೇಖನಗಳಲ್ಲಿ ಈ ಜಾಗದಲ್ಲಿ ಕಣ್ಣು ತೇವವಾಗಬೇಕು. ನನಗೆ ಆಗಲಿಲ್ಲ. ನನಗಾದದ್ದು ಹೊಟ್ಟೆಯುರಿ. ಇಷ್ಟು ವರ್ಷಗಳಾದ ಮೇಲೂ, ಕೊಳವೆ ಹಿಡಿದು ನಿಂತಲ್ಲೇ, ಆಗಿನಷ್ಟೇ ಬಿಸಿಬಿಸಿಯಾಗಿ.

ನಮ್ಮದು ಅಜ್ಜಂಪುರ. ಒಂದಿಷ್ಟು ತೆಂಗು, ಉಳಿದದ್ದು ಮಳೆ ನೋಡಿಕೊಂಡು ಈರುಳ್ಳಿ ಹಾಕುವ ಹೊಲ. ನಾನು ಹೈಸ್ಕೂಲಿಗೆ ಸೇರಿದ ವರ್ಷ ಎದುರಿನ ಬಾಡಿಗೆ ಮನೆಗೆ ಒಂದು ಸಂಸಾರ ಬಂತು. ಯಜಮಾನರಿಗೆ ಶಿವನಿ ಸ್ಟೇಷನ್ನಿನಲ್ಲಿ ರೈಲ್ವೆ ಕೆಲಸ. ಹೆಂಡತಿ ಮತ್ತು ಒಬ್ಬಳೇ ಮಗಳು. ಮಗಳು ನನ್ನದೇ ಕ್ಲಾಸು. ಸಾಮಾನು ಇಳಿಸುತ್ತಿದ್ದ ದಿನ ನಾನು ನಮ್ಮ ಜಗಲಿಯ ಮೇಲೆ ಕುಳಿತು ಭುಜ ಎತ್ತಿ ಇಳಿಸಿ ಉಸಿರಾಡುತ್ತಿದ್ದೆ. ಅಂಗಳದಲ್ಲಿ ಈರುಳ್ಳಿ ಒಣಹಾಕಿದ್ದರು, ಅದರ ಸಿಪ್ಪೆಯ ಧೂಳು ನನಗೆ ಆಗುತ್ತಿರಲಿಲ್ಲ. ಅವಳು ತಲೆದಿಂಬು ಹೊತ್ತುಕೊಂಡು ಬಂದವಳು ರಸ್ತೆಯ ಮಧ್ಯೆ ನಿಂತು ನನ್ನನ್ನು ಗಮನಿಸಿದಳು.

"ನಿಂಗೂ ದಮ್ಮಾ?" ಎಂದಳು, ನೀವೂ ನಮ್ಮ ಪೈಕಿಯವರಾ ಎಂದು ಕೇಳುವ ಹಾಗೆ.

ಇಬ್ಬರಿಗೂ ಒಂದೇ ಕಾಯಿಲೆ ಎಂಬ ಒಂದೇ ಕಾರಣಕ್ಕೆ ನಾವು ಸ್ನೇಹಿತೆಯರಾದೆವು. ಒಂದೇ ಕಾಯಿಲೆ, ಆದರೆ ಒಂದೇ ಬಾಳಲ್ಲ. ಅವಳಿಗೆ ರೈಲ್ವೆ ಆಸ್ಪತ್ರೆಯ ಡಾಕ್ಟರು ಕಂದು ಬಣ್ಣದ ಪಂಪೊಂದನ್ನು ಕೊಟ್ಟಿದ್ದರು. ಬೆಳಿಗ್ಗೆ ಹಲ್ಲುಜ್ಜುವ ಮೊದಲು, ಸಂಜೆ ದೀಪ ಹಚ್ಚುವ ಹೊತ್ತಿಗೆ, ಕೊಳವೆಯ ಮೂಲಕ ಅದನ್ನು ಎಳೆದುಕೊಂಡು ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದಳು. ಅಷ್ಟೇ. ಆಮೇಲೆ ಖೋಖೋದಲ್ಲಿ ಓಡುತ್ತಿದ್ದಳು. ನಾನು ಮರದ ಕೆಳಗೆ ಕುಳಿತು ಎಲ್ಲರ ವಾಟರ್ ಬಾಟಲಿ ಕಾಯುತ್ತಿದ್ದೆ. ಅವಳಿಗೆ ಉಬ್ಬಸ ಇದೆ ಎಂಬುದನ್ನು ಶಾಲೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ನನಗೆ ಉಬ್ಬಸ ಬಿಟ್ಟು ಬೇರೇನಾದರೂ ಇದೆ ಎಂಬುದನ್ನೂ ಯಾರೂ ನಂಬುತ್ತಿರಲಿಲ್ಲ.

ನನ್ನ ಬಳಿ ಇದ್ದದ್ದು ಎತ್ತರ. ಪ್ರಾರ್ಥನೆಯ ಸಾಲಿನಲ್ಲಿ ಅವಳು ಎಲ್ಲರಿಗಿಂತ ಮುಂದೆ, ನಾನು ಎಲ್ಲರಿಗಿಂತ ಹಿಂದೆ. ಅವಳ ನೆತ್ತಿ ನನ್ನ ಭುಜಕ್ಕೆ ಬರುತ್ತಿತ್ತು. ನಮ್ಮಪ್ಪ ನನ್ನ ಎತ್ತರವನ್ನು ತಾನೇ ಗೊಬ್ಬರ ಹಾಕಿ ಬೆಳೆಸಿದ ಫಸಲಿನಂತೆ ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನು ಆ ಎತ್ತರವನ್ನು ಅವಳಿಗೆ ಕೊಟ್ಟು, ಬದಲಿಗೆ ಅವಳ ಒಂದು ಮಧ್ಯಾಹ್ನದ ಉಸಿರನ್ನು ಈಸಿಕೊಳ್ಳಲು ಸಿದ್ಧವಿದ್ದೆ. ಹಾಗೆ ಕೊಟ್ಟು ತೆಗೆದುಕೊಳ್ಳುವುದಕ್ಕೆ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ಹಾಗಾದರೆ ನನಗೆ ಯಾಕೆ ಪಂಪು ಇರಲಿಲ್ಲ? ಇತ್ತು. ಅದೇ ಕಂದು ಪಂಪು, ನಮ್ಮ ಮನೆಯ ಕಬ್ಬಿಣದ ಬೀರುವಿನಲ್ಲಿ, ಬೀಗದ ಒಳಗೆ.

ಕಡೂರಿನ ಮಕ್ಕಳ ಡಾಕ್ಟರೊಬ್ಬರು ಅದನ್ನು ಬರೆದುಕೊಟ್ಟಿದ್ದರು. ಪ್ರಾಮಾಣಿಕ ಮನುಷ್ಯ, ಅದೇ ಎಡವಟ್ಟಾದದ್ದು. ಇದರಲ್ಲಿ ಸ್ಟೀರಾಯ್ಡ್ ಇದೆ, ಅಲ್ಪ ಪ್ರಮಾಣ, ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಕೆಲವು ಮಕ್ಕಳಲ್ಲಿ ಮೊದಮೊದಲು ಬೆಳವಣಿಗೆ ಸ್ವಲ್ಪ ನಿಧಾನವಾಗಬಹುದು, ನಾವು ಆಗಾಗ ಅಳತೆ ನೋಡುತ್ತಿರೋಣ ಎಂದಿದ್ದರು. ಅಷ್ಟು ಉದ್ದದ ಮಾತಿನಲ್ಲಿ ಅಪ್ಪನ ಕಿವಿಗೆ ಬಿದ್ದದ್ದು 'ಬೆಳವಣಿಗೆ' ಎಂಬ ಒಂದು ಶಬ್ದ.

ಇದಕ್ಕೆ ನಮ್ಮೂರಿನ ಮಾತೂ ಕಾರಣ. ನಮ್ಮಲ್ಲಿ ಪಂಪು ಎಂದರೆ ಬೆನ್ನಿಗೆ ಕಟ್ಟಿಕೊಂಡು ಈರುಳ್ಳಿಗೆ ಔಷಧಿ ಹೊಡೆಯುವ ಪಂಪು. ಹೊಲದಲ್ಲೂ 'ಔಷಧಿ ಹೊಡೆಯೋದು', ಬಾಯಿಗೂ 'ಪಂಪು ಹೊಡೆಯೋದು'. ಈರುಳ್ಳಿಯ ಗರಿ ಮಿತಿಮೀರಿ ಬೆಳೆದರೆ ಗೆಡ್ಡೆ ಬಲಿಯುವುದಿಲ್ಲವೆಂದು, ಗರಿಯನ್ನು ತಡೆಯಲು ಹೊಡೆಯುವ ಔಷಧಿಯೊಂದಿದೆ. ಅಪ್ಪ ಅದನ್ನು ತಾವೇ ಹೊಡೆದು, ವಾರದೊಳಗೆ ಗರಿ ನಿಂತದ್ದನ್ನು ಕಣ್ಣಾರೆ ಕಂಡಿದ್ದರು. ಡಾಕ್ಟರ ಬಾಯಲ್ಲಿ ಬೆಳವಣಿಗೆ, ಕೈಯಲ್ಲಿ ಪಂಪು. ಇನ್ನೇನು ಬೇಕು? ಅವರ ತಲೆಯಲ್ಲಿ ನಾನು ಹೊಲದ ಒಂದು ಮಡಿ ಈರುಳ್ಳಿಯಾದೆ.

"ಗರಿ ನಿಂತೋಗುತ್ತೆ ಕಣಮ್ಮ," ಎಂದು ಅಮ್ಮನಿಗೂ ನನಗೂ ಸೇರಿಸಿ ತೀರ್ಪು ಕೊಟ್ಟರು.

ನಾನು ಆಗಲೇ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದವಳು. ಸುಮ್ಮನಿರುತ್ತೇನೆಯೇ? ಮನುಷ್ಯರು ಬೆಳೆಯಲ್ಲ ಎಂದೆ. ಔಷಧಿ ಬೇರೆ, ಪ್ರಮಾಣ ಬೇರೆ ಎಂದೆ. ನಿಧಾನ ಎಂದರೆ ನಿಲ್ಲುವುದಲ್ಲ ಎಂದೆ. ಪೇಟೆಯಲ್ಲಿ ಮೈಕಟ್ಟು ಬೆಳೆಸುವವರು ಸ್ಟೀರಾಯ್ಡ್ ತಗೊಂಡು ಉಬ್ಬುತ್ತಾರೆ ಎಂದು ನೀವೇ ಹೇಳುತ್ತೀರಿ, ಮಕ್ಕಳು ಅದನ್ನೇ ತಗೊಂಡು ಕುಗ್ಗುತ್ತಾರೆ ಎಂದೂ ನೀವೇ ಹೇಳುತ್ತೀರಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದೆ. ಊಟಕ್ಕೆ ಕುಳಿತಾಗ, ತೋಟಕ್ಕೆ ಹೋದಾಗ, ದಮ್ಮು ಹತ್ತಿದಾಗ, ಇಳಿದಾಗ, ಎರಡು ಮಳೆಗಾಲ ಅಪ್ಪನೊಂದಿಗೆ ವಾದಿಸಿದೆ. ಅವರು ಪ್ರತಿ ಸಲವೂ ಬಾಗಿಲ ಕಡೆಗೆ ಗದ್ದ ಎತ್ತಿ ತೋರಿಸುತ್ತಿದ್ದರು. ಬಾಗಿಲಾಚೆ ಎದುರುಮನೆ. ಎದುರುಮನೆಯ ಅಂಗಳದಲ್ಲಿ ಅವಳು, ಬಟ್ಟೆ ಒಣಹಾಕುವ ತಂತಿಗೆ ಎಟುಕಲು ಕಲ್ಲಿನ ಮೇಲೆ ಹತ್ತಿ ನಿಂತವಳು.

"ಎರಡೊತ್ತು ಪಂಪು ಹೊಡ್ಕೊಳ್ಳೋಳು ಹೆಂಗವ್ಳೆ ನೋಡು. ನೀನು ಮಾತಲ್ಲಿ ಗೆಲ್ತೀಯ, ಎತ್ತರದಲ್ಲಿ ಸೋಲ್ತೀಯ."

ಹೀಗೆ ಅವಳು ನನ್ನ ವಿರುದ್ಧದ ಸಾಕ್ಷಿಯಾಗಿದ್ದಳು. ಅವಳಿಗೆ ಅದು ಗೊತ್ತೂ ಇರಲಿಲ್ಲ.

ಇನ್ನು ಚರ್ಚೆಯ ವಿಷಯ. ಪಂಪಿನ ಹೊಟ್ಟೆಯುರಿಯಾದರೂ ಮೈಗೆ ಸಂಬಂಧಿಸಿದ್ದು, ಇದು ನೇರ ಅಭಿಮಾನಕ್ಕೇ ತಾಗುವಂಥದ್ದು. ಶಾಲೆಯಿಂದ ಇಬ್ಬರನ್ನು ಕಳಿಸುತ್ತಿದ್ದರು, ಪರವಾಗಿ ಅವಳು, ವಿರೋಧವಾಗಿ ನಾನು. ಅವಳ ವಾಕ್ಯಗಳು ಉದ್ದ. ಒಂದು 'ಆದ್ದರಿಂದ' ಮುಗಿಯುವ ಮೊದಲೇ ಇನ್ನೊಂದು 'ಹಾಗಿದ್ದರೂ' ಶುರುವಾಗುತ್ತಿತ್ತು. ಗಾಡಿಯ ಹಿಂದೆ ಗಾಡಿ ಕಟ್ಟಿದ ಗೂಡ್ಸ್ ರೈಲಿನಂತೆ ಒಂದೇ ಉಸಿರಿನಲ್ಲಿ ಎಳೆದುಕೊಂಡು ಹೋಗಿ ಕೊನೆಯ ಶಬ್ದವನ್ನು ತೀರ್ಪುಗಾರರ ಮೇಜಿನ ಮುಂದೆ ನಿಲ್ಲಿಸುತ್ತಿದ್ದಳು. ನನ್ನ ವಾಕ್ಯಗಳು ಗಿಡ್ಡ. ಮೂರು ಪದ, ನಾಲ್ಕು ಪದ. ನಿಲ್ಲು. ಮತ್ತೆ ಮೂರು. ತೀರ್ಪುಗಾರರು ಅದನ್ನು ಮೆಚ್ಚಿ, ಚಾಟಿ ಬೀಸಿದ ಹಾಗೆ ಮಾತಾಡುತ್ತಾಳೆ ಎನ್ನುತ್ತಿದ್ದರು. ನಾನು ಅದು ನನ್ನ ಶೈಲಿ ಎಂದು ಬೀಗುತ್ತಿದ್ದೆ. ಒಂದು ದಿನ ಶಾಲೆಯಿಂದ ಬರುವ ದಾರಿಯಲ್ಲಿ ಅವಳು ಯಾವ ಕುಹಕವೂ ಇಲ್ಲದೆ ಹೇಳಿದಳು.

"ನೀನು ಪೂರ್ಣವಿರಾಮ ಹಾಕಲ್ಲ ಕಣೇ. ಉಸ್ರು ಎಳ್ಕೊಳ್ತೀಯ."

ನನ್ನ ಶೈಲಿ ನನ್ನ ಕಾಯಿಲೆ ಎಂದು ನನಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು. ಆ ಮಾತಿಗೆ ನಾನು ಅವಳೊಂದಿಗೆ ಒಂದು ವಾರ ಮಾತು ಬಿಟ್ಟೆ. ಅವಳು ಅದನ್ನು ಗಮನಿಸಲಿಲ್ಲ, ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿಕೊಂಡು ಜೊತೆಗೆ ನಡೆಯುತ್ತಿದ್ದಳು.

ಆಗ ಅಜ್ಜಂಪುರ ಇನ್ನೂ ತರೀಕೆರೆ ತಾಲ್ಲೂಕಿಗೇ ಸೇರಿತ್ತು; ತಾಲ್ಲೂಕು ಮಟ್ಟದ ಸ್ಪರ್ಧೆ ಎಂದರೆ ತರೀಕೆರೆಗೆ ಹೋಗಬೇಕು. ಆ ವರ್ಷ ಅದು ಈರುಳ್ಳಿ ಕಿತ್ತು ಅಂಗಳಕ್ಕೆ ಸುರಿದ ವಾರದಲ್ಲೇ ಬಂತು. ಮನೆಯ ಮೂಲೆಮೂಲೆಯಲ್ಲೂ ಕೆಂಪು ಸಿಪ್ಪೆ ಹಾರುತ್ತಿತ್ತು. ಬಸ್ಸಿನಲ್ಲೇ ನನ್ನ ಎದೆಯೊಳಗೆ ಬೆಕ್ಕಿನ ಮರಿ ಕೂಗಿದಂತಾಗುತ್ತಿತ್ತು. ವಿಷಯ, ಹಳ್ಳಿಯ ಬದುಕು ಲೇಸೋ ಪಟ್ಟಣದ ಬದುಕು ಲೇಸೋ. ಅವಳು ಹಳ್ಳಿಯ ಗಾಳಿ ಎಷ್ಟು ಶುದ್ಧ ಎಂದು ಒಂದೇ ಉಸಿರಿಗೆ ಹೇಳಿ ಚಪ್ಪಾಳೆ ಗಿಟ್ಟಿಸಿದಳು. ನಾನು ಎದ್ದೆ. ಆ ಶುದ್ಧ ಗಾಳಿಯ ಬಗ್ಗೆ ನನ್ನಲ್ಲಿ ಬೇಕಾದಷ್ಟು ಹೇಳುವುದಿತ್ತು. ಮೊದಲಿನ ನಾಲ್ಕು ಚಾಟಿ ಬೀಸಿದೆ. ಆಮೇಲೆ ನಾಲ್ಕು ಪದಗಳು ಮೂರಾದವು, ಮೂರು ಎರಡಾದವು. ಒಂದೊಂದೇ ಪದವಾಯಿತು. ಕೊನೆಗೆ ಬಾಯಿ ತೆರೆದೇ ಇತ್ತು, ಪದ ಬರಲಿಲ್ಲ. ಮೈಕಿನಲ್ಲಿ ನನ್ನ ಎದೆಯ ಸಿಳ್ಳೆ ಸಭಾಂಗಣಕ್ಕೆಲ್ಲ ಕೇಳಿಸಿತು. ಯಾರೋ ನಕ್ಕರು.

ನಮ್ಮ ಮೇಷ್ಟ್ರು ಕೈ ಹಿಡಿದು ಇಳಿಸಿದರು. ವೇದಿಕೆಯ ಹಿಂದೆ ಅವಳು ತನ್ನ ಲಂಗದ ಜೇಬಿನಿಂದ ನೀಲಿ ಪಂಪು ತೆಗೆದು, ಕುಲುಕಿ, ನನ್ನ ಬಾಯಿಗೆ ಇಟ್ಟಳು. ಅದು ದಮ್ಮು ಹತ್ತಿದಾಗ ಮಾತ್ರ ಬಳಸುವುದು. ಎಳ್ಕೊ, ಹಿಡ್ಕೊ, ಬಿಡು ಎಂದು ನಿಧಾನಕ್ಕೆ ಹೇಳಿಕೊಟ್ಟಳು. ಸ್ವಲ್ಪ ಹೊತ್ತಿಗೆ ಎದೆಯ ಬಾಗಿಲು ತೆರೆದಂತಾಯಿತು. ಉಸಿರಾಡುವುದು ಇಷ್ಟು ಸಲೀಸೇ? ಉಳಿದವರೆಲ್ಲ ಹುಟ್ಟಿದಾಗಿನಿಂದ ಹೀಗೇ ಇದ್ದಾರೆಯೇ? ಕೃತಜ್ಞತೆ ಬರುವ ಮೊದಲೇ ನನಗೆ ಕೋಪ ಬಂತು. ಅವಳ ಜೇಬಿನಲ್ಲಿ ಇಂಥದೊಂದು ಯಾವಾಗಲೂ ಇರುತ್ತಿತ್ತು. ಅವಳು ಅದನ್ನು ಬಳಸುವುದೇ ಅಪರೂಪ, ಕಂದು ಪಂಪು ಅಷ್ಟು ಕಾಪಾಡುತ್ತಿತ್ತು. ಮೊದಲ ಬಹುಮಾನವೂ ಅವಳಿಗೇ ಬಂತು. ವಾಪಸು ಬರುವ ಬಸ್ಸಿನಲ್ಲಿ, ನಿಂಗ್ಯಾಕೆ ಪಂಪಿಲ್ಲ ಎಂದು ಅವಳು ಕೇಳಿದಾಗ, ಬೀರುವಿನ ಬೀಗವನ್ನೂ ಅಪ್ಪ ಅವಳ ಕಡೆ ಗದ್ದ ಎತ್ತಿ ತೋರಿಸುವುದನ್ನೂ ಹೇಳಿಬಿಟ್ಟೆ.

ಮನೆಗೆ ಬಿಡಲು ಬಂದ ಮೇಷ್ಟ್ರು ಅಪ್ಪನಿಗೆ, ಹುಡುಗಿ ಗಾಬರಿಯಲ್ಲಿ ಪಾಠ ಮರೆತಳು ಎಂದುಬಿಟ್ಟರು. ನಾನು ಮರೆತಿರಲಿಲ್ಲ! ಇವತ್ತಿಗೂ ಆ ಭಾಷಣ ನನಗೆ ಬಾಯಿಪಾಠ. ಆದರೆ ಅಂಗಳದ ಸಿಪ್ಪೆಯ ಧೂಳಿಗೆ ಮತ್ತೆ ದಮ್ಮು ಹತ್ತಿತ್ತು, ಹೇಳಲು ಗಂಟಲಿನಲ್ಲಿ ಗಾಳಿ ಇರಲಿಲ್ಲ. ದಮ್ಮು ಜೋರಾದಾಗಲೆಲ್ಲ ಆಗುವಂತೆ ಆ ದಿನವೂ ಡಾಕ್ಟರಲ್ಲಿ ಇಂಜೆಕ್ಷನ್, ಬಿಳಿಯ ಪುಟ್ಟ ಮಾತ್ರೆಗಳು. ಆ ಮಾತ್ರೆಯೂ ಸ್ಟೀರಾಯ್ಡೇ, ಪಂಪಿನದಕ್ಕಿಂತ ಎಷ್ಟೋ ಹೆಚ್ಚು ಮೈಗೆ ಸೇರುವಂಥದ್ದು ಎಂದು ನನಗೆ ಗೊತ್ತಾದದ್ದು ಬಹಳ ಆಮೇಲೆ. ಮಾತ್ರೆಯ ಹೆಸರಿನಲ್ಲಿ 'ಪಂಪು' ಇಲ್ಲದ್ದರಿಂದ ಅಪ್ಪನಿಗೆ ಅದರ ಮೇಲೆ ಯಾವ ತಕರಾರೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಕುಳಿತು ಈರುಳ್ಳಿಯ ಒಣಗಿದ ಗರಿ ಕೊಯ್ಯುತ್ತಿದ್ದರು. ನಾನು ಕಿಟಕಿಯ ಬಳಿ ದಿಂಬಿಗೆ ಒರಗಿದ್ದೆ. ಎದುರುಮನೆಯವಳು ಬಂದಳು, ತನ್ನ ಅಮ್ಮನ ಕೈ ಹಿಡಿದುಕೊಂಡು. ಇಲ್ಲಿ ಒಂದು ವಿಷಯ ಹೇಳಬೇಕು. ಅಪ್ಪ ಎದುರುಮನೆಯ ಹೆಂಗಸರನ್ನು ಎಂದೂ ತಲೆಯೆತ್ತಿ ನೋಡಿದವರಲ್ಲ. ನಮ್ಮ ಕೇರಿಯ ಹಿರಿಯರ ಮರ್ಯಾದೆ ಅದು. ರೈಲ್ವೆಯವರ ಹೆಂಡತಿ ಬಾಗಿಲಿಗೆ ಬಂದರೆ ಅಪ್ಪ ಹೊರಗೆ ಹೋಗಲು ಚಪ್ಪಲಿ ಹುಡುಕುತ್ತಿದ್ದರು, ದಾರಿಯಲ್ಲಿ ಸಿಕ್ಕರೆ ನೆಲ ನೋಡಿಕೊಂಡು ಚೆನ್ನಾಗಿದ್ದೀರಾ ತಾಯಿ ಎನ್ನುತ್ತಿದ್ದರು. ಅಷ್ಟು ಕಾಲ ಎದುರುಬದುರು ಇದ್ದೂ ಆಕೆಯ ಪಾದ ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ. ಅವತ್ತೂ ಅವರನ್ನು ಕಂಡ ಕೂಡಲೇ ಎದ್ದು ನಿಂತು, ಕುಡುಗೋಲು ಕೆಳಗಿಟ್ಟು, ಈರುಳ್ಳಿ ರಾಶಿ ನೋಡತೊಡಗಿದರು.

"ಮಾವ, ಒಂದ್ಸಲ ತಲೆ ಎತ್ತಿ ನೋಡಿ," ಎಂದಳು ಅವಳು.

ಅಪ್ಪ ಅಳುಕುತ್ತಲೇ ತಲೆ ಎತ್ತಿದರು. ಆಕೆಯೂ ನಾಚಿಕೆಯಿಂದ ಸೆರಗಿನ ತುದಿ ತಿರುಚುತ್ತಿದ್ದರು. ಇವಳು ಅಮ್ಮನ ಪಕ್ಕಕ್ಕೆ ಒತ್ತಿ ನಿಂತು, ತನ್ನ ನೆತ್ತಿಯಿಂದ ಅಮ್ಮನ ನೆತ್ತಿಗೆ ಅಂಗೈ ಸರಿಸಿ ತೋರಿಸಿದಳು. ಅಂಗೈ ಹೆಚ್ಚುಕಡಿಮೆ ಸಮವಾಗಿಯೇ ಹೋಯಿತು. ಆಕೆ ಅಷ್ಟು ಗಿಡ್ಡ ಎಂದು ಅಪ್ಪ ಅವತ್ತೇ ನೋಡಿದ್ದು.

"ನಮ್ಮಮ್ಮ ಹುಟ್ಟಿದಾಗಿಂದ ಒಂದಿನಾನೂ ಪಂಪು ಹೊಡ್ಕೊಂಡಿಲ್ಲ ಮಾವ. ನಾನು ಪಂಪಿಂದ ಗಿಡ್ಡ ಆಗಿದ್ರೆ, ಇವ್ರು ಯಾವುದ್ರಿಂದ ಆದ್ರು?"

ಅಪ್ಪ ಮಗಳನ್ನು ನೋಡಿದರು, ತಾಯಿಯನ್ನು ನೋಡಿದರು, ಮತ್ತೆ ಮಗಳನ್ನು ನೋಡಿದರು. ಅವರ ಗದ್ದ ಅಭ್ಯಾಸಬಲದಿಂದ ಎದುರುಮನೆಯ ಕಡೆ ಅರ್ಧ ಎದ್ದು, ತೋರಿಸಲು ಅಲ್ಲಿ ಯಾರೂ ಇಲ್ಲದೆ ಇಳಿಯಿತು.

ಕಿಟಕಿಯೊಳಗೆ ನನಗೆ ಆ ವಾದದ ತೂತು ಥಟ್ಟನೆ ಕಂಡಿತು. ಒಂದೇ ನಿದರ್ಶನದಿಂದ ತೀರ್ಮಾನ ಮಾಡುವಂತಿಲ್ಲ. ತಾಯಿ ಗಿಡ್ಡ ಎಂಬ ಮಾತ್ರಕ್ಕೆ ಪಂಪು ನಿರಪರಾಧಿ ಎಂದು ಸಾಬೀತಾಗುವುದಿಲ್ಲ. ಪಂಪು ಇಲ್ಲದಿದ್ದರೆ ಮಗಳು ತಾಯಿಗಿಂತ ಒಂದು ಬೆರಳು ಎತ್ತರ ಆಗುತ್ತಿದ್ದಳೋ ಏನೋ, ಯಾರು ಕಂಡರು? ಯಾವ ಸ್ಪರ್ಧೆಯಲ್ಲಾದರೂ ಅವಳು ಈ ಮಾತು ಆಡಿದ್ದರೆ ನಾನು ಅರ್ಧ ನಿಮಿಷದಲ್ಲಿ ಮುರಿದು ಹಾಕುತ್ತಿದ್ದೆ. ಖಂಡನೆ ನಾಲಿಗೆಯ ತುದಿಗೆ ಬಂತು. ಅವಳು ಕಿಟಕಿಯ ಕಡೆ ತಿರುಗಿ ನನ್ನನ್ನೇ ನೋಡಿದಳು. ಅವಳಿಗೂ ಆ ತೂತು ಗೊತ್ತಿತ್ತು. ಖಂಡಿತ ಗೊತ್ತಿತ್ತು.

ನಾನು ಬಾಯಿ ಮುಚ್ಚಿಕೊಂಡೆ. ಖಂಡಿಸಲು ಬರುತ್ತಿದ್ದೂ ನಾನು ಬಿಟ್ಟುಕೊಟ್ಟ ವಾದ ಅದೊಂದೇ.

ಅಪ್ಪ ಒಳಗೆ ಬಂದು ಬೀರುವಿನ ಬೀಗ ತೆಗೆದರು. ಪಂಪಿನ ಮೇಲಿನ ಅವಧಿ ಮುಗಿದುಹೋಗಿತ್ತು. ಅಂಗಿ ಹಾಕಿಕೊಂಡು, ಈರುಳ್ಳಿಯನ್ನು ಹಾಗೇ ಬಿಟ್ಟು, ಕಡೂರಿಗೆ ಹೋಗಿ ಹೊಸದು ತಂದರು. ಬಂದವರು ನನ್ನೆದುರು ಅದನ್ನಿಟ್ಟು, ಆ ಹುಡುಗಿ ಹೇಳಿದ್ದು ಸರಿ ಅನ್ನಿಸ್ತು ಕಣಮ್ಮ ಎಂದರು. ಆ ಹುಡುಗಿ! ಎರಡು ಮಳೆಗಾಲ ನಾನು ಉಸಿರು ಕಟ್ಟಿಕೊಂಡು ಆಡಿದ ಮಾತು ಯಾವ ಲೆಕ್ಕಕ್ಕೂ ಬರಲಿಲ್ಲ. ನನ್ನ ಅಪ್ಪನನ್ನು ನನ್ನ ಅಂಗಳದಲ್ಲಿ ಅವಳು ಗೆದ್ದಳು, ಅದೂ ಸೋರುವ ವಾದದಿಂದ. ನನಗೆ ಪಂಪು ಸಿಕ್ಕಿತು, ಸರಿ. ಆದರೆ ಆ ಗೆಲುವು ನನಗೆ ಬೇಕಿತ್ತು. ಅದರ ಮೇಲಿನ ಆಸೆ ಇವತ್ತಿಗೂ ಹೋಗಿಲ್ಲ.

ಕೆಲವು ವಾರಗಳಲ್ಲಿ ನನ್ನ ಎದೆಯ ಬೆಕ್ಕಿನ ಮರಿ ಸುಮ್ಮನಾಯಿತು. ರಾಶಿ ಈರುಳ್ಳಿಯ ಪಕ್ಕ ಕುಳಿತೇ ಪಾಠ ಓದಿದೆ. ಖೋಖೋದಲ್ಲಿ ಔಟಾಗುವ ಭಾಗ್ಯವೂ ಸಿಕ್ಕಿತು. ನನ್ನ ವಾಕ್ಯಗಳೂ ಉದ್ದವಾದವು. ಎಷ್ಟು ಉದ್ದವೆಂದರೆ ಮುಂದಿನ ಸ್ಪರ್ಧೆಯಲ್ಲಿ ತೀರ್ಪುಗಾರರು ಈ ಹುಡುಗಿಯ ಮೊದಲಿನ ಹರಿತ ಎಲ್ಲಿ ಹೋಯಿತು ಎಂದರು. ಅವಳು ಬಿದ್ದು ಬಿದ್ದು ನಕ್ಕಳು.

ಆ ಬೇಸಿಗೆಯಲ್ಲೇ ಅವಳ ತಂದೆಗೆ ವರ್ಗವಾಯಿತು. ಅಜ್ಜಂಪುರ ಸ್ಟೇಷನ್ನಿಗೆ ನಾನೂ ಅಪ್ಪನೂ ಹೋದೆವು. ಅಪ್ಪ ಒಂದು ಚೀಲ ಈರುಳ್ಳಿ ಹೊತ್ತು ತಂದಿದ್ದರು. ಅವಳ ಅಮ್ಮನಿಗೆ ಕೊಡುವಾಗ ಮತ್ತೆ ನೆಲ ನೋಡಿದರು. ರೈಲು ಹೊರಡುವ ಮೊದಲು ಅವಳು ಬೋಗಿಯ ಬಾಗಿಲಲ್ಲಿ ನಿಂತಳು. ಪ್ಲಾಟ್‌ಫಾರಂ ಕೆಳಗಿತ್ತು. ಮೊದಲ ಸಲ ನಾನು ತಲೆಯೆತ್ತಿ ಅವಳನ್ನು ನೋಡಬೇಕಾಯಿತು.

"ನೋಡೇ, ಈಗ ನಾನೇ ಎತ್ತರ," ಎಂದಳು.

ನಾನು ಏನಾದರೂ ಚುರುಕಾಗಿ ಹೇಳಬೇಕೆಂದು ಹುಡುಕುವಷ್ಟರಲ್ಲಿ ರೈಲು ಹೊರಟಿತು... ಒಂದಷ್ಟು ದಿನ ಅವಳ ಅಮ್ಮನ ಫೋನಿನಲ್ಲಿ ಮಾತಾಡಿದೆವು. ಆಮೇಲೆ ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಬರತೊಡಗಿತು. ಮತ್ತೊಂದು ವರ್ಗ ಆಗಿರಬೇಕು. ಮುಂದಿನ ವರ್ಷ ತಾಲ್ಲೂಕಿಗೆ ನನಗೇ ಮೊದಲ ಬಹುಮಾನ ಬಂತು. ಪರವಾಗಿ ಮಾತಾಡಿದ ಹೊಸಬಳು ಕಂಠಪಾಠ ಒಪ್ಪಿಸಿದಳು. ಅವಳನ್ನು ಸೋಲಿಸಿದ್ದರಲ್ಲಿ ಯಾವ ರುಚಿಯೂ ಇರಲಿಲ್ಲ.

ಈಗ ನಾನು ಕಡೂರಿನಲ್ಲಿ ವಕೀಲರೊಬ್ಬರ ಕೈಕೆಳಗಿದ್ದೇನೆ, ವಾದವೇ ಕಸುಬು. ಭಾನುವಾರ ಆ ಕೊಳವೆಯನ್ನು ಕೈಯಲ್ಲಿ ಹಿಡಿದೇ ನಡುಮನೆಗೆ ಬಂದಾಗ ಅತ್ತಿಗೆ ನಮ್ಮಪ್ಪನ ಮುಂದೆ ಅಳುಮುಖ ಮಾಡಿಕೊಂಡು ಕುಳಿತಿದ್ದರು. ಮಗ ಪುಟ್ಟನಿಗೆ ಈ ಪಂಪು ಹೊಡೆದರೆ ಬೆಳೆಯುವುದಿಲ್ಲವಂತೆ, ಪಕ್ಕದ ಮನೆಯವರು ಹೇಳಿದರಂತೆ, ನಿಲ್ಲಿಸಿಬಿಡಲೇ ಎಂದು ಕೇಳುತ್ತಿದ್ದರು. ನಾನು ಬಾಯಿ ತೆರೆದೆ. ಡಾಕ್ಟರುಗಳು ಹೇಳುವುದನ್ನು ಈ ಸಲ ಸರಿಯಾಗಿ ಹೇಳಬೇಕೆಂದಿತ್ತು. ಬೆಳವಣಿಗೆ ಸ್ವಲ್ಪ ನಿಧಾನವಾಗಬಹುದು ಎಂಬುದು ಸುಳ್ಳಲ್ಲ, ದೊಡ್ಡವನಾದಾಗ ಹೆಚ್ಚೆಂದರೆ ಬೆರಳಿನಗಲದ ಮಾತು, ಉಬ್ಬಸವನ್ನು ಹತೋಟಿಗೆ ತರದಿದ್ದರೂ ಮಗು ಬೆಳೆಯುವುದರಲ್ಲಿ ಹಿಂದೆ ಬೀಳುತ್ತದೆ, ಡಾಕ್ಟರನ್ನು ಕೇಳದೆ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯ. ಆದರೆ ಅಪ್ಪ ನನಗಿಂತ ಮುಂಚೆ ಶುರು ಮಾಡಿಬಿಟ್ಟರು.

"ನಿಮ್ಮಪ್ಪನ್ನ ಪಕ್ಕ ನಿಲ್ಸಿ ನೋಡಮ್ಮ ಮೊದ್ಲು. ಅವ್ರು ಯಾವ ಪಂಪು ಹೊಡ್ಕೊಂಡಿದ್ರು? ನಮ್ಮ ಎದುರುಮನೆ ಹುಡುಗಿ ಒಬ್ಳು ಇದ್ಲು..."

ಅತ್ತಿಗೆಗೆ ಅಳು ಹೋಗಿ ನಗು ಬಂತು, ತವರಿನ ಮೇಲಿನ ಮಾತಿಗೆ ಸ್ವಲ್ಪ ಸಿಟ್ಟೂ ಬಂತು. ಪಂಪು ಉಳಿಯಿತು. ನನ್ನ ಬೆರಳಿನಗಲದ ವಿವರಣೆಯನ್ನು ನಾನು ಆಮೇಲೆ ಕೊಟ್ಟೆ, ಅವರು ತಲೆಯಾಡಿಸುತ್ತಾ ಕೇಳಿದರು. ಅಪ್ಪ ಮೊಮ್ಮಗನ ತಲೆ ಸವರುತ್ತಾ ಯಾರಿಗೂ ಅಲ್ಲದ ಹಾಗೆ, ಏನ್ ಮಾತಾಡ್ತಿತ್ತಪ್ಪಾ ಆ ಮಗು, ಅಂಥೋರ್ನ ಆಮೇಲೆ ನಾನು ಕಾಣಲಿಲ್ಲ ಎಂದರು. ದಿನವೂ ಕೋರ್ಟಿಗೆ ಹೋಗುವ ಮಗಳು ಎದುರಿಗೇ ನಿಂತಿದ್ದಾಳೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ನಾನು ಕೊಳವೆಯನ್ನು ವಾಪಸ್ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅವಳ ವಾದ ನಿಜವೋ ಸುಳ್ಳೋ ತಿಳಿಯಬೇಕಾದರೆ ನನಗೆ ಬೇಕಾದ ಸಾಕ್ಷಿ ಒಂದೇ. ಅವಳು ಕೊನೆಗೆ ಎಷ್ಟು ಎತ್ತರ ಬೆಳೆದಳು? ಅಮ್ಮನಷ್ಟೇ ನಿಂತಳೋ, ಒಂದು ಬೆರಳು ಮೀರಿದಳೋ, ಒಂದು ಬೆರಳು ಕಡಿಮೆಯಾದಳೋ... ಹೇಳುವವರು ಯಾರೂ ಇಲ್ಲ. ಎಲ್ಲಿದ್ದಾಳೆಂದು ಗೊತ್ತಿಲ್ಲ, ಈಗಲೂ ಅದೇ ಉದ್ದದ ಉಸಿರು ಇದೆಯೇ ಎಂದೂ ಗೊತ್ತಿಲ್ಲ. ನಾನು ಕಡೆಯ ಸಲ ನೋಡಿದಾಗ ಅವಳು ಚಲಿಸುವ ರೈಲಿನ ಬಾಗಿಲಲ್ಲಿದ್ದಳು, ನನಗಿಂತ ಎತ್ತರ. ಅದನ್ನು ಖಂಡಿಸಲು ಒಮ್ಮೆ ಅವಳನ್ನು ಕೆಳಗಿಳಿಸಿ, ನನ್ನ ಪಕ್ಕದಲ್ಲಿ ನೆಲದ ಮೇಲೆ ನಿಲ್ಲಿಸಿಕೊಳ್ಳಬೇಕಿತ್ತು.